ಸಾಲದ ಪಹಣಿ: ಸಿಬಿಲ್ ವರದಿಯ ತಪ್ಪು ತಿದ್ದಿಸುವುದು, ಕೆಟ್ಟ ಸ್ಕೋರನ್ನು ಮೇಲೆತ್ತುವುದು ಹೇಗೆ?

ನಮ್ಮ ಭಾವನವರದು ತಿಪಟೂರಿನ ಹತ್ತಿರ ಒಂದು ಊರು. 2024ರಲ್ಲಿ ಮಳೆಗಾಲಕ್ಕೆ ಮುಂಚೆ ಮನೆಯ ಮೇಲೆ ಇನ್ನೊಂದು ಅಂತಸ್ತು ಹಾಕಿಸೋಣ ಎಂದು ಸಾಲಕ್ಕೆ ಅರ್ಜಿ ಹಾಕಿದರು. ಒಂದು ವಾರದಲ್ಲಿ ‘ಸಿಬಿಲ್ ಸರಿಯಿಲ್ಲ’ ಎಂದು ಅರ್ಜಿ ವಾಪಸಾಯಿತು. ರಾತ್ರಿ ನನಗೆ ಫೋನ್ ಮಾಡಿದರು. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಹದಿನೆಂಟು ವರ್ಷ ಕೂತು ನಿವೃತ್ತಳಾದವಳು ಎಂಬ ಕಾರಣಕ್ಕೆ ನೆಂಟರಿಷ್ಟರ ಇಂಥ ಫೋನುಗಳೆಲ್ಲ ನನಗೇ ಬರುತ್ತವೆ.

“ನೋಡಮ್ಮಾ, ನಾನು ಟ್ರ್ಯಾಕ್ಟರೇ ತಗೊಂಡಿಲ್ಲ. ನನ್ನ ಹೆಸರಲ್ಲಿ ಟ್ರ್ಯಾಕ್ಟರ್ ಸಾಲ ಸುಸ್ತಿಯಾಗಿದೆ ಅಂತಾರಲ್ಲ!”

ಸಿಬಿಲ್ ವರದಿ, ಅಂದರೆ ನಾವು ಮಾಡಿದ ಸಾಲಗಳ, ಅವನ್ನು ಕಟ್ಟಿದ ರೀತಿಯ ದಾಖಲೆ, ತರಿಸಿ ನೋಡಿದೆ. ಟ್ರ್ಯಾಕ್ಟರ್ ಸಾಲ ನಿಜಕ್ಕೂ ಅವರದ್ದಲ್ಲ. ಅದೇ ತಾಲ್ಲೂಕಿನ, ಅದೇ ಹೆಸರಿನ ಇನ್ನೊಬ್ಬರದ್ದು. ಹುಟ್ಟಿದ ದಿನಾಂಕವೂ ಒಂದೇ, ಜೂನ್ 1. ಹಳ್ಳಿ ಶಾಲೆಗೆ ಮಕ್ಕಳನ್ನು ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಜೂನ್ 1 ಎಂದು ಬರೆದುಕೊಂಡ ಕಾಲದವರು ಇಬ್ಬರೂ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲೂ ಇತ್ತು. 2020ರ ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದಾಗ ಕ್ರೆಡಿಟ್ ಕಾರ್ಡಿನ 41,000 ರೂಪಾಯಿ ಬಾಕಿಗೆ 18,000 ಕಟ್ಟಿ ಕೈತೊಳೆದುಕೊಂಡಿದ್ದರು. ಅದು ‘ಸೆಟಲ್ಡ್’ ಎಂದು ಬಂದಿತ್ತು. ಅದು ತಪ್ಪಲ್ಲ, ನಡೆದದ್ದೇ.

ಈ ಲೇಖನದಲ್ಲಿ ನಾನು ಹೇಳಬೇಕಾದದ್ದರ ಬುಡ ಇಲ್ಲಿದೆ. ವರದಿಯಲ್ಲಿರುವ ಸುಳ್ಳು ಬೇರೆ, ನಿಜವಾದ ಬಾಕಿ ಬೇರೆ. ಸುಳ್ಳನ್ನು ಕಾಗದ ಹಿಡಿದು ಹೋರಾಡಿ ತೆಗೆಸಬಹುದು, ಅದಕ್ಕೆ ಕಾನೂನಿದೆ. ನಿಜವನ್ನು ಯಾರೂ ತೆಗೆಸಲಾರರು. ಅದನ್ನು ಕಟ್ಟಿ ಮುಗಿಸಿ, ಅದರ ಮೇಲೆ ಒಳ್ಳೆಯ ದಾಖಲೆ ಬೆಳೆಸಬೇಕು. ಎರಡನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ‘ಸ್ಕೋರ್ ಸರಿಮಾಡಿಕೊಡಿ’ ಎಂದು ಓಡಾಡುವವರು ತಿಂಗಳುಗಟ್ಟಲೆ ಅಲೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲು ವರದಿ ಕೈಗೆ ಬರಲಿ

ನಾವೆಲ್ಲ ‘ಸಿಬಿಲ್’ ಎಂದೇ ಹೇಳುತ್ತೇವೆ. ಆದರೆ ದೇಶದಲ್ಲಿ ಸಾಲದ ಮಾಹಿತಿ ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯಡಿ ರಿಸರ್ವ್ ಬ್ಯಾಂಕ್ ಇವುಗಳ ಮೇಲೆ ಕಣ್ಣಿಟ್ಟಿರುತ್ತದೆ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು ಎಂಬ ನಿಯಮ 2017ರ ಜನವರಿಯಿಂದ ಜಾರಿಯಲ್ಲಿದೆ. ಅಂದರೆ ವರ್ಷಕ್ಕೆ ನಾಲ್ಕು ವರದಿ, ಒಂದು ರೂಪಾಯಿ ಖರ್ಚಿಲ್ಲದೆ.

ಆಯಾ ಕಂಪನಿಯ ಸ್ವಂತ ವೆಬ್‌ಸೈಟಿಗೇ ಹೋಗಿ. ಪ್ಯಾನ್, ಹುಟ್ಟಿದ ದಿನಾಂಕ, ಮೊಬೈಲ್ ಸಂಖ್ಯೆ ಕೊಟ್ಟು ಒಟಿಪಿ ಹಾಕಿದರೆ ವರದಿ ತೆರೆಯುತ್ತದೆ. ಪುಟದ ತುಂಬ ತಿಂಗಳ ಚಂದಾ ಯೋಜನೆಗಳ ಜಾಹೀರಾತು ಇರುತ್ತದೆ, ಉಚಿತ ವಾರ್ಷಿಕ ವರದಿಯ ಕೊಂಡಿ ಎಲ್ಲೋ ಮೂಲೆಯಲ್ಲಿ. ತಾಳ್ಮೆಯಿಂದ ಹುಡುಕಿ. ಸಾಲ ಕೊಡುವ ಆ್ಯಪ್‌ಗಳಲ್ಲಿ ‘ಫ್ರೀ ಸ್ಕೋರ್’ ನೋಡುವುದು ಇದಕ್ಕೆ ಸಮವಲ್ಲ. ಅಲ್ಲಿ ಅಂಕಿ ಸಿಗುತ್ತದೆ, ನಿಮಗೆ ಬೇಕಾದ ವಿವರ ಸಿಗುವುದಿಲ್ಲ. ಮೇಲಾಗಿ ನಿಮ್ಮ ಫೋನ್ ನಂಬರು ಸಾಲ ಮಾರುವವರ ಪಟ್ಟಿ ಸೇರುತ್ತದೆ.

ಒಂದು ಭಯವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ನಿಮ್ಮ ವರದಿಯನ್ನು ನೀವೇ ಎಷ್ಟು ಸಲ ನೋಡಿದರೂ ಸ್ಕೋರ್ ಇಳಿಯುವುದಿಲ್ಲ. ಸಾಲದ ಅರ್ಜಿ ಬಂದಾಗ ಬ್ಯಾಂಕಿನವರು ತೆಗೆದು ನೋಡುವುದಷ್ಟೇ ಲೆಕ್ಕಕ್ಕೆ ಬರುವುದು.

ವರದಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಸಾಧ್ಯವಾದರೆ ಮುದ್ರಿಸಿ. ಅದರ ಮೇಲಿರುವ ನಿಯಂತ್ರಣ ಸಂಖ್ಯೆ, ಅಂದರೆ ಕಂಟ್ರೋಲ್ ನಂಬರ್, ಮುಂದೆ ಪ್ರತಿ ದೂರಿಗೂ ಬೇಕಾಗುತ್ತದೆ.

ಪಹಣಿ ಓದಿದ ಹಾಗೆ ಓದಿ

ಎಲ್ಲರ ಕಣ್ಣೂ ಮೊದಲು ಹೋಗುವುದು 300ರಿಂದ 900ರ ನಡುವಿನ ಆ ಅಂಕಿಯ ಮೇಲೆ. ಅದನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಜಮೀನು ಕೊಳ್ಳುವಾಗ ಪಹಣಿಯ ಪ್ರತಿ ಕಲಂ ನೋಡುತ್ತೇವಲ್ಲ, ಹೆಸರು ಯಾರದ್ದು, ವಿಸ್ತೀರ್ಣ ಎಷ್ಟು, ಋಣ ಏನಾದರೂ ನಮೂದಾಗಿದೆಯೇ ಎಂದು, ಹಾಗೆಯೇ ಬೆರಳಿಟ್ಟು ಒಂದೊಂದು ಸಾಲನ್ನೂ ಓದಬೇಕು. ಸ್ಕೋರ್ ಹುಟ್ಟುವುದು ಈ ಸಾಲುಗಳಿಂದಲೇ. ಇವು ಸರಿಯಾದರೆ ಅದು ತಾನಾಗಿ ಬದಲಾಗುತ್ತದೆ.

ವೈಯಕ್ತಿಕ ವಿವರದಿಂದ ಶುರುಮಾಡಿ. ನಮ್ಮ ಕಡೆ ತಪ್ಪು ನುಸುಳುವುದು ಹೆಚ್ಚಾಗಿ ಇಲ್ಲೇ. ಶಾಲೆಯ ದಾಖಲೆಯಲ್ಲಿ ಎಂ. ಎನ್. ಮಂಜುನಾಥ, ಪ್ಯಾನ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದ ಉದ್ದನೆಯ ಹೆಸರು, ಆಧಾರ್‌ನಲ್ಲಿ ಬರೀ ಮಂಜುನಾಥ. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಹೆಸರಿನ ಮುಂದಿನ ಇನಿಷಿಯಲ್ಲೇ ಬದಲಾಗಿರುತ್ತದೆ. ಕಂಪ್ಯೂಟರು ಹೆಸರು, ಹುಟ್ಟಿದ ದಿನ, ವಿಳಾಸ, ಗುರುತಿನ ಸಂಖ್ಯೆ ಇವನ್ನೆಲ್ಲ ಹೊಂದಿಸಿ ಇದು ಇಂಥವರ ಸಾಲ ಎಂದು ತೀರ್ಮಾನಿಸುತ್ತದೆ. ಪ್ಯಾನ್ ಇಲ್ಲದ ಹಳೆಯ ಸಾಲಗಳಲ್ಲಿ ಒಬ್ಬರ ಸಾಲ ಇನ್ನೊಬ್ಬರಿಗೆ ಅಂಟಿಕೊಳ್ಳುವುದು ಹೀಗೆ. ವರದಿಯಲ್ಲಿ ನಿಮ್ಮದಲ್ಲದ ವಿಳಾಸ, ಎಂದೂ ಬಳಸದ ಫೋನ್ ನಂಬರ್ ಕಂಡರೆ ಅದನ್ನು ಸಣ್ಣ ವಿಷಯ ಎಂದು ದಾಟಿಹೋಗಬೇಡಿ. ಬೇರೆಯವರ ಖಾತೆ ಒಳಗೆ ಬಂದಿರುವುದರ ಮೊದಲ ಸುಳಿವು ಅದೇ.

ಮುಂದಿನದು ಸಾಲದ ಖಾತೆಗಳ ಭಾಗ. ಪ್ರತಿ ಖಾತೆಗೂ ಇವನ್ನು ನೋಡಿ: ಸಾಲ ಕೊಟ್ಟವರು ಯಾರು, ಖಾತೆ ಸಂಖ್ಯೆಯ ಕೊನೆಯ ಅಂಕಿಗಳು, ತೆರೆದ ದಿನ, ಮುಚ್ಚಿದ ದಿನ, ಈಗಿನ ಬಾಕಿ, ಸುಸ್ತಿಯ ಮೊತ್ತ, ಸ್ಥಿತಿ. ‘ಒಡೆತನ’ದ ಜಾಗದಲ್ಲಿ ಸ್ವಂತ, ಜಂಟಿ, ಜಾಮೀನುದಾರ ಎಂಬುದರಲ್ಲಿ ಯಾವುದಿದೆ ಎಂದೂ ನೋಡಿ.

ಅದರ ಕೆಳಗೆ 36 ತಿಂಗಳ ಒಂದು ಪಟ್ಟಿ ಇರುತ್ತದೆ. ತಿಂಗಳಿಗೊಂದು ಚೌಕ, ಪ್ರತಿ ಚೌಕದಲ್ಲಿ ಅಂದು ಕಂತು ಎಷ್ಟು ದಿನ ತಡವಾಗಿತ್ತು ಎಂಬ ಲೆಕ್ಕ. 000 ಅಥವಾ ಎಸ್‌ಟಿಡಿ ಎಂದಿದ್ದರೆ ಸರಿಯಾಗಿ ಕಟ್ಟಿದ್ದೀರಿ. 030, 060 ಎಂದಿದ್ದರೆ ಅಷ್ಟು ದಿನ ಸುಸ್ತಿ. 90 ದಿನ ದಾಟಿದರೆ ಅದು ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ, ಆಮೇಲೆ ಎಸ್‌ಯುಬಿ, ಡಿಬಿಟಿ, ಎಲ್‌ಎಸ್‌ಎಸ್ ಎಂಬ ಅಕ್ಷರಗಳು ಬರುತ್ತವೆ, ಸಾಲ ಹಂತಹಂತವಾಗಿ ಇನ್ನಷ್ಟು ಕೆಟ್ಟಿದೆ ಎಂದು ಅವುಗಳ ಅರ್ಥ. ಮೂರು ಎಕ್ಸ್ ಇದ್ದರೆ ಗಾಬರಿ ಬೇಡ, ಆ ತಿಂಗಳು ಬ್ಯಾಂಕು ಮಾಹಿತಿಯನ್ನೇ ಕಳಿಸಿಲ್ಲ ಎಂದು ಅರ್ಥ. ಮನೆಸಾಲ ಕೊಡುವ ಅಧಿಕಾರಿ ಸ್ಕೋರಿಗಿಂತ ಹೆಚ್ಚು ಹೊತ್ತು ಕಣ್ಣಾಡಿಸುವುದು ಈ ಚೌಕಗಳ ಮೇಲೆ. ನಾನೂ ಹಾಗೇ ಮಾಡುತ್ತಿದ್ದೆ. 720 ಸ್ಕೋರ್ ಇದ್ದು ಕಳೆದ ವರ್ಷ ಒಂದೂ ತಪ್ಪದೆ ಕಟ್ಟಿದವರಿಗೆ, 750 ಇದ್ದು ಹಿಂದಿನ ಮೂರು ತಿಂಗಳಲ್ಲಿ ಎರಡು ಸಲ ತಡಮಾಡಿದವರಿಗಿಂತ ನಾನು ನಂಬಿ ಶಿಫಾರಸು ಬರೆದದ್ದುಂಟು.

ಕೊನೆಯಲ್ಲಿ ಯಾರ್‍ಯಾರು ನಿಮ್ಮ ವರದಿ ತೆಗೆದು ನೋಡಿದ್ದಾರೆ ಎಂಬ ಪಟ್ಟಿ. ನೀವು ಅರ್ಜಿಯೇ ಹಾಕದ ಕಂಪನಿಯ ಹೆಸರಿದ್ದರೆ ಗುರುತು ಹಾಕಿಕೊಳ್ಳಿ.

ತಪ್ಪಿನಂತೆ ಕಂಡರೂ ತಪ್ಪಲ್ಲದವು

ದೂರು ಬರೆಯುವ ಮುಂಚೆ ಸ್ವಲ್ಪ ನಿಲ್ಲಿ. ‘ಈ ಬ್ಯಾಂಕಿನ ಮೆಟ್ಟಿಲೇ ಹತ್ತಿಲ್ಲ’ ಎಂದು ಬಂದವರಲ್ಲಿ ಎಷ್ಟೋ ಜನ ಆ ಬ್ಯಾಂಕಿನ ಸಾಲಗಾರರೇ ಆಗಿದ್ದರು. ಬ್ಯಾಂಕಿನ ಹೆಸರು ಬದಲಾಗಿತ್ತು ಅಷ್ಟೇ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಸೇರಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಆಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಕರಗಿದವು. ಕರಾವಳಿಯಲ್ಲೂ ಹಳೇ ಮೈಸೂರಿನಲ್ಲೂ ಮನೆಮನೆಯ ಪಾಸ್‌ಬುಕ್ಕುಗಳು ಈ ಬ್ಯಾಂಕುಗಳವೇ. ಹಳೆಯ ಬೆಳೆಸಾಲ, ವಿದ್ಯಾಭ್ಯಾಸದ ಸಾಲ ಈಗ ಹೊಸ ಬ್ಯಾಂಕಿನ ಹೆಸರಲ್ಲಿ ವರದಿಗೆ ಬರುತ್ತದೆ. ತೆರೆದ ದಿನಾಂಕ ನೋಡಿ ನೆನಪು ಮಾಡಿಕೊಳ್ಳಿ. ಅದು ಕಟ್ಟಿ ಮುಗಿಸಿದ ಸಾಲವಾಗಿದ್ದೂ ‘ಚಾಲ್ತಿ’ ಎಂದೇ ಇದ್ದರೆ ಆಗ ಅದು ತಪ್ಪು, ಅದನ್ನು ಕೇಳಬೇಕಾದದ್ದು ಈಗಿನ ಬ್ಯಾಂಕನ್ನು.

ಜಾಮೀನಿನ ಸಾಲವೂ ಅಷ್ಟೇ. ದಾಯಾದಿಯ ಮಗನಿಗೆ, ಸ್ನೇಹಿತನಿಗೆ ಸಹಿ ಹಾಕಿಕೊಟ್ಟು ಮರೆತವರು ಬಹಳ. ಸಾಲಗಾರನಷ್ಟೇ ಹೊಣೆ ಜಾಮೀನುದಾರನದೂ ಎಂದು 1872ರ ಕರಾರು ಕಾಯ್ದೆ ಹೇಳುತ್ತದೆ. ಅವರು ಕಟ್ಟದಿದ್ದರೆ ಕಲೆ ನಿಮ್ಮ ವರದಿಯಲ್ಲೂ ಬೀಳುತ್ತದೆ. ಮೈಕ್ರೋಫೈನಾನ್ಸ್ ಗುಂಪಿನಲ್ಲಿ ‘ನಿನ್ನ ಹೆಸರಲ್ಲಿ ಒಂದು ಸಾಲ ತೆಗೆದುಕೊಡು, ಕಂತು ನಾನು ಕಟ್ಟುತ್ತೇನೆ’ ಎಂದವರನ್ನು ನಂಬಿ ಹೆಸರು ಕೊಟ್ಟ ಹೆಣ್ಣುಮಕ್ಕಳ ಕಥೆ ಇನ್ನೂ ಸಂಕಟದ್ದು. ದಾಖಲೆಯ ಪ್ರಕಾರ ಅದು ಹೆಸರು ಕೊಟ್ಟವಳದ್ದೇ ಸಾಲ. ಇದಕ್ಕೆ ತಿದ್ದುಪಡಿ ಅರ್ಜಿ ಕೆಲಸ ಮಾಡುವುದಿಲ್ಲ. ಹಣ ಬಳಸಿದವರ ಕೈಯಿಂದ ಕಟ್ಟಿಸುವ ದಾರಿಯನ್ನೇ ನೋಡಬೇಕು.

ಇನ್ನು, ಮೊನ್ನೆ ಕಟ್ಟಿದ್ದು ಇನ್ನೂ ಬಂದಿಲ್ಲ ಎಂಬ ದೂರು. ಬ್ಯಾಂಕುಗಳು 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಎಂಬ ನಿಯಮ 2025ರ ಜನವರಿಯಲ್ಲಿ ಬಂತು. ಪ್ರತಿ ಖಾತೆಯ ಪಕ್ಕ ‘ವರದಿಯಾದ ದಿನಾಂಕ’ ಇರುತ್ತದೆ. ನೀವು ಕಟ್ಟಿದ್ದು ಅದರ ನಂತರವಾದರೆ ಒಂದು ತಿಂಗಳು ತಡೆದು ಮತ್ತೆ ನೋಡಿ.

ಒಂದೇ ಸಾಲ ಎರಡು ಸಲ ಬಂದಿದ್ದರೆ? ಬ್ಯಾಂಕು ಕೆಟ್ಟ ಸಾಲವನ್ನು ಆಸ್ತಿ ಪುನರ್ರಚನಾ ಕಂಪನಿಗೆ, ಅಂದರೆ ಇಂಥ ಸಾಲಗಳನ್ನು ಕೊಂಡು ವಸೂಲಿ ಮಾಡುವ ಕಂಪನಿಗೆ, ಮಾರಿದಾಗ ಹೀಗಾಗುತ್ತದೆ. ಬ್ಯಾಂಕಿನ ಹೆಸರಲ್ಲೂ ಬಾಕಿ, ಆ ಕಂಪನಿಯ ಹೆಸರಲ್ಲೂ ಬಾಕಿ ತೋರಿಸುತ್ತಿದ್ದರೆ ಅದು ನಿಜವಾದ ತಪ್ಪು, ದೂರು ಕೊಡಿ.

ದೂರು: ಎಲ್ಲಿ, ಹೇಗೆ, ಎಷ್ಟು ದಿನ

ಸಿಬಿಲ್‌ನಂಥ ಕಂಪನಿ ತಾನಾಗಿ ಒಂದಕ್ಷರವನ್ನೂ ತಿದ್ದುವುದಿಲ್ಲ, ತಿದ್ದುವ ಹಾಗೂ ಇಲ್ಲ. ಸಾಲ ಕೊಟ್ಟವರು ಹೌದೆಂದ ಮೇಲೆಯೇ ಬದಲಾವಣೆ. ತಪ್ಪು ಹುಟ್ಟಿರುವುದು ಬ್ಯಾಂಕಿನ ಲೆಡ್ಜರಿನಲ್ಲಿ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಎರಡೂ ಕಡೆ ಒಂದೇ ದಿನ ದೂರು ಕೊಡಿ ಎಂದು. ಮಾಹಿತಿ ಕಂಪನಿಯ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ತಪ್ಪಿರುವ ಸಾಲಿನ ಮೇಲೆ ‘ಡಿಸ್ಪ್ಯೂಟ್’ ಹಾಕಿ, ಸಿಗುವ ಸಂಖ್ಯೆ ಬರೆದಿಟ್ಟುಕೊಳ್ಳಿ. ಇದಕ್ಕೆ ಶುಲ್ಕವಿಲ್ಲ. ಜೊತೆಗೇ ಬ್ಯಾಂಕಿಗೆ ಪತ್ರ.

ಪತ್ರವನ್ನು ಎರಡು ಪ್ರತಿ ಮಾಡಿ ಶಾಖೆಗೆ ಹೋಗಿ, ಒಂದರ ಮೇಲೆ ದಿನಾಂಕ ಸಹಿತ ಸೀಲು ಹಾಕಿಸಿಕೊಂಡು ಬನ್ನಿ. ‘ಇಟ್ಟು ಹೋಗಿ ಸಾರ್, ನೋಡ್ತೀವಿ’ ಎಂದರೆ ಒಪ್ಪಬೇಡಿ. ಸೀಲು ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಬ್ಯಾಂಕಿನ ದೂರು ವಿಭಾಗದ ಇಮೇಲಿಗೂ ಹಾಕಿ. ದಿನದ ಲೆಕ್ಕ ಶುರುವಾಗುವುದು ಆ ದಿನಾಂಕದಿಂದ. ಬಾಯಿಮಾತಿನಲ್ಲಿ ಹೇಳಿಬಂದದ್ದಕ್ಕೆ ಲೆಕ್ಕವೇ ಇಲ್ಲ. ಭಾವನವರಿಗೆ ನಾನು ಬರೆದುಕೊಟ್ಟ ಪತ್ರ ಹೆಚ್ಚುಕಡಿಮೆ ಹೀಗಿತ್ತು:

“ಶಾಖಾ ವ್ಯವಸ್ಥಾಪಕರಿಗೆ,
ವಿಷಯ: ನನ್ನ ಸಾಲ ಮಾಹಿತಿ ವರದಿಯಲ್ಲಿ ತಪ್ಪಾಗಿ ನಮೂದಾಗಿರುವ ಖಾತೆಯನ್ನು ತೆಗೆಯುವ ಬಗ್ಗೆ.
ಮಾನ್ಯರೇ, ದಿನಾಂಕ ____ರ ನನ್ನ ವರದಿಯಲ್ಲಿ (ನಿಯಂತ್ರಣ ಸಂಖ್ಯೆ ____) ನಿಮ್ಮ ಬ್ಯಾಂಕಿನ ____ ಎಂದು ಕೊನೆಗೊಳ್ಳುವ ಟ್ರ್ಯಾಕ್ಟರ್ ಸಾಲದ ಖಾತೆ ನನ್ನ ಹೆಸರಿನಲ್ಲಿದೆ. ಈ ಸಾಲವನ್ನು ನಾನು ಪಡೆದಿಲ್ಲ, ಇದಕ್ಕೆ ಜಾಮೀನೂ ಹಾಕಿಲ್ಲ. ಸಾಲದ ಅರ್ಜಿ, ಭಾವಚಿತ್ರ, ಗುರುತಿನ ದಾಖಲೆಗಳನ್ನು ನನ್ನ ಪ್ಯಾನ್ ಮತ್ತು ಭಾವಚಿತ್ರದೊಂದಿಗೆ ತಾಳೆ ನೋಡಿ, ಈ ಖಾತೆಯನ್ನು ನನ್ನ ಹೆಸರಿನಿಂದ ತೆಗೆಯುವಂತೆ ಎಲ್ಲ ಸಾಲ ಮಾಹಿತಿ ಕಂಪನಿಗಳಿಗೆ ತಿಳಿಸಬೇಕು. ಕೋರಿಕೆಯನ್ನು ತಿರಸ್ಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ಕೊಡಬೇಕು. ಪರಿಹಾರದ ಹಣ ಜಮೆಯಾಗಬೇಕಾದ ನನ್ನ ಖಾತೆಯ ವಿವರ ಕೆಳಗಿದೆ.”

‘ತಾಳೆ ನೋಡಿ’ ಎಂಬ ಸಾಲು ಬಿಡಬೇಡಿ. ಫೈಲು ತೆಗೆದು ಫೋಟೋ ನೋಡಿದ ಕ್ಷಣ ಅಧಿಕಾರಿಗೆ ಗೊತ್ತಾಗುತ್ತದೆ, ವಾದಿಸುವ ಅಗತ್ಯವೇ ಬೀಳುವುದಿಲ್ಲ. ಒಂದು ಪತ್ರದಲ್ಲಿ ಒಂದೇ ತಪ್ಪಿರಲಿ. ಮೂರು ತಪ್ಪಿದ್ದರೆ ಮೂರು ಪತ್ರ ಬರೆಯಿರಿ. ಒಂದರ ಉತ್ತರ ಕೊಟ್ಟು ಉಳಿದೆರಡನ್ನು ಮುಚ್ಚಿದಂತೆ ತೋರಿಸುವ ಅವಕಾಶ ಹಾಗೆ ಮಾಡಿದರೆ ಇರುವುದಿಲ್ಲ.

ಕಟ್ಟಿ ಮುಗಿಸಿದ ಸಾಲ ಮುಚ್ಚಿಲ್ಲ ಎಂಬ ದೂರಾದರೆ ಜೊತೆಗೆ ಬಾಕಿ ಇಲ್ಲವೆಂಬ ಪತ್ರ ಮತ್ತು ಪೂರ್ತಿ ಸಾಲದ ಸ್ಟೇಟ್‌ಮೆಂಟ್ ಇರಲಿ. ಎಷ್ಟೋ ಸಲ ಕೊನೆಯ ಕಂತಿನ ನಂತರ ದಂಡದ ಹಣವೋ ಶುಲ್ಕವೋ ನೂರಿನ್ನೂರು ರೂಪಾಯಿ ಉಳಿದು, ಅದೇ ವರ್ಷಗಟ್ಟಲೆ ಸುಸ್ತಿ ಎಂದು ಹೋಗುತ್ತಿರುತ್ತದೆ. ಕೊನೆಯ ಕಂತು ಕಟ್ಟಿದ ದಿನವೇ ‘ಖಾತೆ ಮುಚ್ಚಿದ್ದೀರಾ?’ ಎಂದು ಕೇಳಿ ಕಾಗದ ಪಡೆಯುವುದು ಸುಲಭ. ಅಡವಿಟ್ಟ ಪತ್ರಗಳ ವಿಷಯದಲ್ಲಂತೂ ನಿಯಮ ಗಟ್ಟಿಯಾಗಿದೆ: ಸಾಲ ತೀರಿದ 30 ದಿನದಲ್ಲಿ ಬ್ಯಾಂಕು ಮೂಲ ದಾಖಲೆ ಮರಳಿಸಬೇಕು, ಅದರದೇ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ವರದಿಯ ತಿದ್ದುಪಡಿಗೂ ಇಂಥದೇ ಗಡುವಿದೆ, ಆದರೆ ಬಹಳ ಜನಕ್ಕೆ ಗೊತ್ತಿಲ್ಲ. ನೀವು ದೂರು ಕೊಟ್ಟ ದಿನದಿಂದ 30 ದಿನದೊಳಗೆ ಬಗೆಹರಿಯಬೇಕು. ಅದರಲ್ಲಿ ಬ್ಯಾಂಕಿನ ಪಾಲು 21 ದಿನ, ಅಷ್ಟರೊಳಗೆ ಅದು ಸರಿಯಾದ ಮಾಹಿತಿಯನ್ನು ಸಿಬಿಲ್‌ನಂಥ ಕಂಪನಿಗೆ ಕಳಿಸಬೇಕು. 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಬ್ಯಾಂಕು ತಡಮಾಡಿದ್ದರೆ ಬ್ಯಾಂಕು, ಬ್ಯಾಂಕು ಸಮಯಕ್ಕೆ ಕಳಿಸಿಯೂ ಕಂಪನಿ ತಿದ್ದದಿದ್ದರೆ ಕಂಪನಿ ಕೊಡಬೇಕು. ದೂರು ಬಗೆಹರಿದ ಐದು ಕೆಲಸದ ದಿನಗಳಲ್ಲಿ ನಿಮ್ಮ ಖಾತೆಗೆ ಜಮೆಯಾಗಬೇಕು. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 26ರಂದು ಹೊರಡಿಸಿದ ಈ ನಿಯಮ ಆರು ತಿಂಗಳ ನಂತರ ಜಾರಿಗೆ ಬಂತು. ಭಾವನವರ ಟ್ರ್ಯಾಕ್ಟರ್ 38ನೇ ದಿನಕ್ಕೆ ವರದಿಯಿಂದ ಇಳಿಯಿತು, 800 ರೂಪಾಯಿ ಖಾತೆಗೆ ಬಂತು. ಹಣ ಸಣ್ಣದು, ಆದರೆ ಪತ್ರದಲ್ಲಿ ಅದನ್ನು ನಮೂದಿಸಿದ್ದರಿಂದ ಫೈಲು ಮೇಜಿನಿಂದ ಮೇಜಿಗೆ ಹೋಯಿತು ಎಂದೇ ನನ್ನ ನಂಬಿಕೆ. ‘ನನ್ನ ಸ್ಕೋರ್ ಇಷ್ಟೇ ಏಕೆ’ ಎಂಬ ತಕರಾರಿಗೆ ಮಾತ್ರ ಈ ಪರಿಹಾರ ಅನ್ವಯಿಸುವುದಿಲ್ಲ.

30 ದಿನ ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ, ಬರೆಯಿರಿ. 2022ರ ಸೆಪ್ಟೆಂಬರ್‌ನಿಂದ ಸಾಲ ಮಾಹಿತಿ ಕಂಪನಿಗಳೂ ಈ ವ್ಯವಸ್ಥೆಯೊಳಗೆ ಬಂದಿವೆ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ಎಂಬ ತಾಣದಲ್ಲಿ ದೂರು ಹಾಕಬಹುದು, ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ವಕೀಲರು ಬೇಡ, ಶುಲ್ಕ ಇಲ್ಲ. ಬ್ಯಾಂಕಿಗೆ ಕೊಟ್ಟ ಸೀಲು ಹಾಕಿದ ಪ್ರತಿ ಇಲ್ಲಿ ಬೇಕೇ ಬೇಕು. ಬ್ಯಾಂಕಿಗೆ ಮೊದಲು ಬರೆಯದೆ ನೇರವಾಗಿ ಲೋಕಪಾಲರಿಗೆ ಹೋದರೆ ದೂರು ತಿರಸ್ಕಾರವಾಗುತ್ತದೆ. ಊರಿನ ಪತ್ತಿನ ಸೊಸೈಟಿ, ಸೌಹಾರ್ದ ಸಹಕಾರಿಗಳು ಮಾತ್ರ ಈ ಲೋಕಪಾಲರ ವ್ಯಾಪ್ತಿಗೆ ಬರುವುದಿಲ್ಲ.

ನಿಮ್ಮ ಪ್ಯಾನ್ ಬಳಸಿ ಯಾರೋ ಆ್ಯಪ್‌ನಲ್ಲಿ ಸಾಲ ಎತ್ತಿದ್ದಾರೆ ಎಂದಾದರೆ ಅದು ಬರೀ ತಪ್ಪಲ್ಲ, ಅಪರಾಧ. ಅದೇ ದಿನ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧದ ದೂರು ದಾಖಲಿಸಿ, ಆ ದೂರಿನ ಪ್ರತಿಯನ್ನು ಮೇಲಿನ ಪತ್ರಕ್ಕೆ ಲಗತ್ತಿಸಿ. ‘ಮೊದಲು ಸ್ವಲ್ಪ ಕಟ್ಟಿ, ಆಮೇಲೆ ನೋಡೋಣ’ ಎಂದು ವಸೂಲಿಯವರು ಒತ್ತಾಯಿಸಿದರೂ ಒಂದು ರೂಪಾಯಿ ಕಟ್ಟಬೇಡಿ. ಕಟ್ಟಿದರೆ ಸಾಲವನ್ನು ಒಪ್ಪಿಕೊಂಡಂತೆ ಆಗುತ್ತದೆ.

ನಿಜವಾದ ಬಾಕಿ ಇದ್ದರೆ

ಇಲ್ಲಿ ಹೋರಾಟ ಇಲ್ಲ, ಲೆಕ್ಕಾಚಾರ ಇದೆ. ಎಲ್ಲ ಸುಸ್ತಿ ಖಾತೆಗಳನ್ನೂ ಒಂದು ಹಾಳೆಯ ಮೇಲೆ ಬರೆದು, ಯಾವುದು 90 ದಿನದ ಗಡಿಗೆ ಹತ್ತಿರವಿದೆಯೋ ಅದನ್ನು ಮೊದಲು ಸರಿಮಾಡಿ. 60 ದಿನ ಸುಸ್ತಿಯಾದ ಬೈಕಿನ ಸಾಲ ಎನ್‌ಪಿಎ ಆಗದಂತೆ ತಡೆಯುವುದು, ಮೂರು ವರ್ಷದ ಹಿಂದೆಯೇ ಕೆಟ್ಟ ಕಾರ್ಡಿನ ಬಾಕಿಗಿಂತ ತುರ್ತು. ಕಟ್ಟಲು ಆಗುವುದೇ ಇಲ್ಲ ಎನಿಸಿದರೆ ಸುಸ್ತಿಯಾಗುವ ಮುಂಚೆ ಬ್ಯಾಂಕಿಗೆ ಹೋಗಿ ಕಂತಿನ ಅವಧಿ ಹೆಚ್ಚಿಸಿಕೊಡಿ ಎಂದು ಕೇಳಿ. ಫೋನ್ ಎತ್ತದೆ ಕೂರುವವರಿಗಿಂತ ಎದುರು ಬಂದು ಕೂತವರಿಗೆ ದಾರಿ ಹುಡುಕಿಕೊಡಲು ಅಧಿಕಾರಿಗೆ ಮನಸ್ಸು ಬರುತ್ತದೆ.

ಚಿನ್ನದ ಸಾಲ, ಬೆಳೆಸಾಲ ಇರುವವರು ನವೀಕರಣದ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಿಂಗಳ ಕಂತಿಲ್ಲದ ಸಾಲಗಳಾದ್ದರಿಂದ ಮರೆಯುವುದು ಸುಲಭ. ‘ಒಡವೆ ಬ್ಯಾಂಕಲ್ಲೇ ಇದೆಯಲ್ಲ’ ಎಂದು ಸುಮ್ಮನಿದ್ದವರ ವರದಿಯಲ್ಲೂ ಸುಸ್ತಿ ಬೀಳುತ್ತದೆ.

ಈಗ ‘ಸೆಟಲ್‌ಮೆಂಟ್’ ವಿಷಯ. ವಸೂಲಿಯವರು ಅರ್ಧ ಹಣಕ್ಕೆ ಮುಗಿಸಿಕೊಡುತ್ತೇವೆ ಎಂದಾಗ ಅದು ಉಪಕಾರದ ಹಾಗೆ ಕೇಳುತ್ತದೆ. ಆದರೆ ವರದಿಯಲ್ಲಿ ‘ಸೆಟಲ್ಡ್’ ಎಂದರೆ ಪೂರ್ತಿ ಕಟ್ಟಲಿಲ್ಲ ಎಂದೇ ಅರ್ಥ. ‘ರೈಟ್ ಆಫ್’ ಎಂದರೂ ಸಾಲ ಮನ್ನಾ ಅಲ್ಲ, ಬ್ಯಾಂಕು ತನ್ನ ಲೆಕ್ಕದ ಪುಸ್ತಕದಿಂದ ತೆಗೆದಿದೆ ಅಷ್ಟೇ, ನಿಮ್ಮ ಬಾಕಿ ಹಾಗೆಯೇ ಇರುತ್ತದೆ. ಕೈಯಲ್ಲಿ ಹಣ ಕೂಡಿದಾಗ ಅದೇ ಬ್ಯಾಂಕಿಗೆ ಹೋಗಿ ಬಿಟ್ಟ ಮೊತ್ತವನ್ನು ಕಟ್ಟುವುದಾಗಿ ಹೇಳಿ. ಆದರೆ ಹಣ ಕೊಡುವ ಮುಂಚೆ, ಇಷ್ಟು ಕಟ್ಟಿದರೆ ಖಾತೆಯನ್ನು ‘ಕ್ಲೋಸ್ಡ್’ ಎಂದು ವರದಿ ಮಾಡುತ್ತೇವೆ ಎಂಬ ಮಾತನ್ನು ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲೋ ಅಧಿಕೃತ ಇಮೇಲಿನಲ್ಲೋ ಪಡೆಯಿರಿ. ವಸೂಲಿ ಏಜೆಂಟರ ವಾಟ್ಸ್‌ಆ್ಯಪ್ ಸಂದೇಶ ಸಾಲದು, ಅವರ ಸ್ವಂತ ಖಾತೆಗಂತೂ ಹಣ ಹಾಕಲೇಬೇಡಿ. ಭಾವನವರು ಉಳಿದ 23,000ವನ್ನು ಎರಡು ಕಂತಿನಲ್ಲಿ ಕಟ್ಟಿದರು. ಸ್ಥಿತಿ ‘ಕ್ಲೋಸ್ಡ್’ ಎಂದಾಯಿತು. ತಡವಾದ ತಿಂಗಳುಗಳ ಗುರುತು ಮಾತ್ರ ಹೋಗಲಿಲ್ಲ, ಹೋಗುವುದೂ ಇಲ್ಲ. ‘ಏಳು ವರ್ಷಕ್ಕೆ ಎಲ್ಲ ಅಳಿಸಿಹೋಗುತ್ತದೆ’ ಎಂದು ಜನ ಹೇಳುತ್ತಾರೆ. ನಿಯಮ ಹೇಳುವುದು ಕನಿಷ್ಠ 7 ವರ್ಷ ಇಡಬೇಕು ಎಂದು. ಅಷ್ಟಕ್ಕೇ ಅಳಿಸಬೇಕು ಎಂದು ಎಲ್ಲೂ ಇಲ್ಲ.

ಮತ್ತೆ ನಂಬಿಕೆ ಬೆಳೆಸುವುದು

ಕಾರ್ಡ್ ಸಿಗದ ಸ್ಥಿತಿಯಲ್ಲಿರುವವರಿಗೆ ನಾನು ಹೇಳುವ ಮೊದಲ ದಾರಿ ಠೇವಣಿಯ ಮೇಲಿನ ಕ್ರೆಡಿಟ್ ಕಾರ್ಡ್. ಇಪ್ಪತ್ತು ಸಾವಿರ ಎಫ್‌ಡಿ ಇಟ್ಟರೆ ಅದರ ಬಹುಪಾಲಿನಷ್ಟು ಮಿತಿಯ ಕಾರ್ಡು ಕೊಡುವ ಬ್ಯಾಂಕುಗಳಿವೆ, ಹಳೆಯ ಸ್ಕೋರ್ ಅಷ್ಟಾಗಿ ಅಡ್ಡಬರುವುದಿಲ್ಲ. ತಿಂಗಳಿಗೊಮ್ಮೆ ದಿನಸಿಯನ್ನೋ ಕರೆಂಟ್ ಬಿಲ್ಲನ್ನೋ ಅದರಲ್ಲಿ ಕಟ್ಟಿ, ಬಿಲ್ ಬಂದಾಗ ಪೂರ್ತಿ ತೀರಿಸಿ. ‘ಕನಿಷ್ಠ ಮೊತ್ತ’ ಕಟ್ಟುವ ಅಭ್ಯಾಸಕ್ಕೆ ಬೀಳಬೇಡಿ, ಉಳಿದದ್ದಕ್ಕೆ ತಿಂಗಳಿಗೆ ಶೇ. 3ಕ್ಕೂ ಮೇಲ್ಪಟ್ಟ ಬಡ್ಡಿ ಏರುತ್ತಾ ಹೋಗುತ್ತದೆ.

ಈಗಾಗಲೇ ಕಾರ್ಡ್ ಇರುವವರಿಗೆ ಒಂದು ಸೂಕ್ಷ್ಮ. 60,000 ಮಿತಿಯಲ್ಲಿ 55,000 ಬಳಸಿ, ಗಡುವಿನೊಳಗೆ ಪೂರ್ತಿ ಕಟ್ಟುತ್ತಿದ್ದರೂ ಸ್ಕೋರ್ ಏರದೆ ಇರಬಹುದು. ಬಿಲ್ ತಯಾರಾಗುವ ದಿನ ಇದ್ದ ಬಾಕಿ ವರದಿಗೆ ಹೋಗುವುದರಿಂದ, ನೀವು ಸದಾ ಕುತ್ತಿಗೆವರೆಗೆ ಸಾಲದಲ್ಲಿರುವ ಹಾಗೆ ಕಾಣುತ್ತದೆ. ಬಿಲ್ ದಿನಾಂಕಕ್ಕೆ ಎರಡು ದಿನ ಮುಂಚೆಯೇ ಬಹುಪಾಲು ಕಟ್ಟಿಬಿಡಿ. ಮಿತಿಯ ಮೂರನೇ ಒಂದು ಭಾಗದೊಳಗೆ ಬಾಕಿ ಇದ್ದರೆ ಒಳ್ಳೆಯದು.

ಒಂದು ಕಡೆ ಅರ್ಜಿ ತಿರಸ್ಕಾರವಾದರೆ ಅದೇ ವಾರ ಇನ್ನೈದು ಕಡೆ ಹಾಕಬೇಡಿ. ಪ್ರತಿಯೊಂದೂ ವರದಿ ತೆಗೆದು ನೋಡಿದವರ ಪಟ್ಟಿಯಲ್ಲಿ ಬಿದ್ದು, ಹಣಕ್ಕೆ ಪರದಾಡುತ್ತಿದ್ದಾರೆ ಎಂಬ ಅಭಿಪ್ರಾಯ ಹುಟ್ಟಿಸುತ್ತದೆ. ಸಾಲದ ಏಜೆಂಟರಿಗೆ ಪ್ಯಾನ್ ಪ್ರತಿ ಕೊಡುವಾಗ, ಯಾವ ಬ್ಯಾಂಕಿಗೆ ಹಾಕುತ್ತೀರಿ ಎಂದು ಕೇಳಿ, ಪ್ರತಿಯ ಮೇಲೆ ಆ ಹೆಸರನ್ನೂ ದಿನಾಂಕವನ್ನೂ ಬರೆದು ಸಹಿ ಹಾಕಿಯೇ ಕೊಡಿ.

ಇನ್ನೂ ಸಾಲವೇ ಮಾಡದ ಮಕ್ಕಳಿಗೆ ಸ್ಕೋರ್ ಇರುವುದಿಲ್ಲ. ಸಾಲದ ಇತಿಹಾಸ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಬಾರಿ ಸಾಲ ಕೇಳುವವರ ಅರ್ಜಿ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಕೌಂಟರಿನಲ್ಲಿ ‘ಸಿಬಿಲ್ ಇಲ್ಲ’ ಎಂದು ವಾಪಸ್ ಕಳಿಸಿದರೆ ಇದನ್ನು ನೆನಪಿಸಿ.

ಹಣ ಕೊಟ್ಟರೆ ಹದಿನೈದು ದಿನದಲ್ಲಿ 800 ಮಾಡಿಸಿಕೊಡುತ್ತೇವೆ ಎಂಬ ಫಲಕಗಳು ಈಗ ತಾಲ್ಲೂಕು ಕೇಂದ್ರಗಳಲ್ಲೂ ಕಾಣುತ್ತಿವೆ. ಅವರು ಮಾಡುವುದೆಲ್ಲ ನಿಮ್ಮ ಲಾಗಿನ್ ಪಡೆದು ಡಿಸ್ಪ್ಯೂಟ್ ಹಾಕುವುದು. ನೀವೇ ಪುಕ್ಕಟೆ ಮಾಡಬಹುದಾದ ಕೆಲಸಕ್ಕೆ ಸಾವಿರಾರು ರೂಪಾಯಿ ಜೊತೆಗೆ ಒಟಿಪಿಯನ್ನೂ ಕೊಟ್ಟ ಹಾಗೆ. ನಿಜವಾದ ಬಾಕಿಯನ್ನು ಅವರೂ ಅಳಿಸಲಾರರು.

ಭಾವನವರ ವರದಿ ಸರಿಹೋದ ಮೇಲೂ ನಾನು ಮನೆಸಾಲದ ಅರ್ಜಿಯನ್ನು ಎಂಟು ತಿಂಗಳು ತಡೆಹಿಡಿಸಿದೆ. ಅಷ್ಟರಲ್ಲಿ ಎಂಟು ಚೌಕ 000 ತುಂಬಿತು, ಅಕ್ಕ ಮೆಟ್ಟಿಲಿನ ಜಾಗ ಎರಡು ಸಲ ಬದಲಾಯಿಸಿದಳು, ಸಾಲ ಮಂಜೂರಾಯಿತು. ಟ್ರ್ಯಾಕ್ಟರ್ ಸಿಬಿಲ್‌ನಿಂದ ಹೋದದ್ದು ಉಳಿದ ಮೂರು ಕಂಪನಿಗಳಿಂದಲೂ ಹೋಗಿದೆಯೇ ಎಂದು ಬೇರೆಯಾಗಿ ನೋಡಬೇಕಾಯಿತು, ಒಂದರಲ್ಲಿ ಇನ್ನೂ ಕೂತಿತ್ತು, ಮತ್ತೊಂದು ಡಿಸ್ಪ್ಯೂಟ್ ಹಾಕಿದೆವು. ಈಗ ಅವರ ಕ್ಯಾಲೆಂಡರಿನಲ್ಲಿ ನಾಲ್ಕು ಗುರುತುಗಳಿವೆ: ಜನವರಿಯಲ್ಲಿ ಸಿಬಿಲ್, ಏಪ್ರಿಲ್‌ನಲ್ಲಿ ಎಕ್ಸ್‌ಪೀರಿಯನ್, ಜುಲೈನಲ್ಲಿ ಈಕ್ವಿಫ್ಯಾಕ್ಸ್, ಅಕ್ಟೋಬರಿನಲ್ಲಿ ಹೈ ಮಾರ್ಕ್. ನಾಲ್ಕೂ ಉಚಿತ ವರದಿಗಳನ್ನು ಒಂದೇ ದಿನ ತೆಗೆಯದೆ ಹೀಗೆ ಮೂರು ತಿಂಗಳಿಗೊಂದರಂತೆ ಹಂಚಿಕೊಂಡರೆ ವರ್ಷವಿಡೀ ಒಂದು ಕಣ್ಣಿಟ್ಟ ಹಾಗಾಗುತ್ತದೆ.